ನಾಲ್ಕನೆಯ ನಟ್ಟು

ಬೆಳಗಿನ ಆರೂಕಾಲು. ಕೂಳೂರು ಸಂಕ ದಾಟಿ
ಅರ್ಧ ಫರ್ಲಾಂಗು ಬಂದಿರಬಹುದು,
ಎಡಗಡೆ ಹಿಂದಿನ ಚಕ್ರ
ಒಂದು ಚಪ್ಪಲಿ ಕಳಕೊಂಡವಳ ಹಾಗೆ ನಡೆಯತೊಡಗಿತು.

ಡಿಕ್ಕಿಯಲ್ಲಿ ನನ್ನ ಪೆಟ್ಟಿಗೆಗಳು:
ಮುಖಕ್ಕೆ ಹಚ್ಚುವ ಏಳು ಬಣ್ಣ, ಸುಳ್ಳು ಜಡೆ,
ಬಾಳೆಲೆಯಲ್ಲಿ ಸುತ್ತಿದ ಎರಡು ಅಟ್ಟೆ ಮಲ್ಲಿಗೆ.
ಮೂಲ್ಕಿಯಲ್ಲಿ ಮದುಮಗಳು
ತಲೆಗೆ ಟವೆಲು ಸುತ್ತಿ ಕೂತಿದ್ದಾಳೆ.
ಮುಹೂರ್ತ ಒಂಬತ್ತೂ ಇಪ್ಪತ್ತಕ್ಕೆ.

ಹಳೇ ಟಯರಿನ ಮೇಲೆ ಸುಣ್ಣದಲ್ಲಿ 'ಪಂಚರ್' ಎಂದು ಬರೆದ
ಮೊಯ್ದಿನಬ್ಬರ ಅಂಗಡಿ ಅಲ್ಲೇ ಇದ್ದದ್ದು ಪುಣ್ಯ.
ಸುಬಹಿ ಮುಗಿಸಿ ಆಗಷ್ಟೇ ಬಾಗಿಲು ತೆಗೆದಿದ್ದರು.
ಪಾನ ಹಾಕಿ, ಮೆಟ್ಟಿ ನಿಂತು,
ಒಂದು, ಎರಡು, ಮೂರು
ಸಡಿಲಿಸಿದರು ಸಲೀಸಾಗಿ.
ನಾಲ್ಕನೆಯದಕ್ಕೆ ಟಾರ್ಚು ಹಿಡಿದರು.
"ಇದು ಬೇರೆ ಅಕ್ಕಾ, ಮೂಲೆಯೇ ಇಲ್ಲ ಇದಕ್ಕೆ.
ಬೀಗದ ನಟ್ಟು. ಕೀ ಉಂಟಾ?"

ಕಾರಿನ ಕೀ ಕೊಟ್ಟೆ.
ನಗಲಿಲ್ಲ ಅವರು, ಅದು ಅವರ ದೊಡ್ಡತನ.

ಬಗ್ಗಿ ನೋಡಿದೆ: ನುಣ್ಣಗಿನ ದುಂಡು ಮುಖ,
ಅದರಲ್ಲಿ ಕೊರೆದ ಸೊಟ್ಟ ಗೆರೆಯ ಹೂ,
ಐದು ಎಸಳು, ಒಂದು ಮಾತ್ರ ಗಿಡ್ಡ.
ಎಲ್ಲೋ ಕಂಡ ಹಾಗೆ. ಯಾರದೋ ಅಂಗೈಯ ಮದರಂಗಿ?
ಯಾವುದೋ ಮೂಗುಬೊಟ್ಟು?
ಹೊಳೆಯಲಿಲ್ಲ. ಫೋನು ಹೊಡೆದುಕೊಳ್ಳುತ್ತಿತ್ತು.

"ಕಳ್ಳರು ಚಕ್ರ ಬಿಚ್ಚಬಾರದಲ್ಲ, ಅದಕ್ಕೆ"
ಎನ್ನುತ್ತ ಅವರು ಹಳೇ ಸಾಕೆಟ್ಟಿನ ಡಬ್ಬಿ ಸುರಿದರು.
ಕಾಗದ ನನ್ನ ಹೆಸರಲ್ಲಿ, ಸಾಲ ನನ್ನ ಹೆಸರಲ್ಲಿ,
ಆ ನಟ್ಟಿನ ಲೆಕ್ಕದಲ್ಲಿ ನಾನೂ ಕಳ್ಳಿಯೇ.

ಸೀಟಿನಡಿ, ಬಾಗಿಲ ಗೂಡು, ಸ್ಟೆಪ್ನಿಯ ಹೊಟ್ಟೆ
ಎಲ್ಲ ತಡಕಾಡಿದೆ. ಜಪಮಾಲೆಯ ಒಂದು ಮಣಿ ಸಿಕ್ಕಿತು.
ಕಾರು ಮಾರಿದ ಕುಲಶೇಖರದ ಸೆವ್ರಿನ್ ಬಾಯಮ್ಮನಿಗೆ
ಫೋನು ಮಾಡಿದೆ.
"ಕೀಯಾ? ಎರಡೂ ಕೊಟ್ಟಿದ್ದೆನಲ್ಲ ಮಗಾ.
ನಟ್ಟಿಗೂ ಬೀಗ ಹಾಕಿದ್ದರಾ? ಹಾಕಿರುತ್ತಾರೆ.
ಸಕ್ಕರೆ ಡಬ್ಬಕ್ಕೇ ಹಾಕಿದ್ದ ಜನ."

ಒಂದು ನೂಲು ಸಣ್ಣದಾದ ಸಾಕೆಟ್ಟು,
ಅದರ ಮೇಲೆ ಸುತ್ತಿಗೆ. ಪೆಟ್ಟು ಬಿದ್ದಂತೆ
ಹೊಳೆಬದಿಯ ಕೊಕ್ಕರೆಗಳು ಎದ್ದೆದ್ದು ಕೂತವು.
ಪಾನಕ್ಕೆ ಪೈಪು ಸಿಕ್ಕಿಸಿ ಇಬ್ಬರೂ ಜಗ್ಗಿದೆವು,
ನನ್ನ ಬಳೆಯೊಂದು ಒಡೆಯಿತು,
ಬಿಡಲಿಲ್ಲ, ಬಿಡಲಿಲ್ಲ, ಆಮೇಲೆ
ಕಿಟಾರನೆ ಕಿರುಚಿ
ಬಿಟ್ಟಿತು.

"ಉಳಿದ ಚಕ್ರದಲ್ಲಿ ಇನ್ನು ಮೂರು ಉಂಟು.
ಇವತ್ತು ಬೇಡ, ನಿಮಗೆ ಮದುವೆ ಅಲ್ವಾ."
ನನಗಲ್ಲ ಎನ್ನಲು ಸಮಯವಿರಲಿಲ್ಲ.
ಹಾಳಾದ ಸಾಕೆಟ್ಟೂ ಸೇರಿ ಇನ್ನೂರೈವತ್ತು.

ಮೂಲ್ಕಿಯಲ್ಲಿ ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗಲಿಲ್ಲ.
ಹುಡುಗಿಯ ಹಣೆಬೊಟ್ಟಿನ ಸುತ್ತ ಹೂ ಬರೆಯುತ್ತಿದ್ದೆ,
ನಾಲ್ಕು ಎಸಳು ಸರಿ,
ಐದನೆಯದು ಗಿಡ್ಡ ಬಂತು.
ಆಗ ನೆನಪಾಯಿತು, ಕಣ್ಣಿಗಲ್ಲ, ನಾಲಿಗೆಗೆ:
ಕಳೆದ ಡಿಸೆಂಬರು, ಕಾರು ಕೊಂಡ ದಿನ,
ಬಾಯಮ್ಮ ಮುಂದಿಟ್ಟ ಕುಸ್ವಾರಿನ ತಟ್ಟೆ.
ನೆವ್ರಿ, ಕಿಡ್ಯೊ, ಮತ್ತೆ ತೆಂಗಿನ ಹಾಲಿನ ಬಿಸ್ಕತ್ತು;
ಒಂದೊಂದರ ನೆತ್ತಿಯಲ್ಲೂ ಇದೇ ಹೂ.

ಸಂಜೆ ಹೋದೆ. ಅಡುಗೆಮನೆಯಲ್ಲಿ, ಲಟ್ಟಣಿಗೆಯ ಪಕ್ಕ,
ಹೆಬ್ಬೆರಳಷ್ಟು ಉದ್ದದ ಉಕ್ಕು.
"ಇದಾ? ಇದು ಅಚ್ಚಲ್ಲವಾ?
ಅವರು ತಂದು ಇಲ್ಲಿಟ್ಟಿದ್ದರು. ಎಂತದ್ದು ಅಂತ
ಕೇಳಬೇಕು ಅನ್ನುವಷ್ಟರಲ್ಲಿ..."
ಮಾತು ಅಲ್ಲೇ ಬಿಟ್ಟು ಸೆರಗಿನಲ್ಲಿ ಅದನ್ನು ಒರೆಸಿದರು.
ಒಮ್ಮೆಯೂ ಚಕ್ರ ಮುಟ್ಟಿದ್ದಲ್ಲ ಅದು.
ಏಲಕ್ಕಿಯ ಪರಿಮಳ, ಸಂದಿನಲ್ಲಿ ಒಣಗಿದ ಮೈದಾ.
"ಒಯ್ಯಿ," ಎಂದರು, ಕೈ ಬಿಡದೆ.

ಮರುದಿನ ಮೂರೂ ನಟ್ಟು
ಬೆಣ್ಣೆಯಿಂದ ಎದ್ದ ಹಾಗೆ ಎದ್ದು ಬಂದವು.
ಮಾಮೂಲಿ ಆರು ಮೂಲೆಯವನ್ನು ಹಾಕಿಸಿಕೊಂಡೆ.
ಕದಿಯುವವರು ಕದಿಯಲಿ.
"ಇದನ್ನೇನು ಮಾಡುತ್ತೀರಿ?" ಮೊಯ್ದಿನಬ್ಬ ಕೇಳಿದರು,
ಮೂಗಿಗೆ ಹಿಡಿದು, ಹುಬ್ಬು ಹಾರಿಸಿ.

ಗ್ರೀಸು ಹೋಗುವವರೆಗೆ ಸಬೀನಾ ಹಾಕಿ ತಿಕ್ಕಿ
ಕುಲಶೇಖರಕ್ಕೆ ಕೊಟ್ಟು ಬಂದೆ.
ಡಿಸೆಂಬರಿಗೆ ಇನ್ನು ಮೂರೇ ವಾರ ಉಂಟು.