ಹತ್ತನೇ ಅಧ್ಯಾಯ

ಶಕ್ತಿನಗರದ ಬೂದಿ ಕಿಟಕಿಯ ಸರಳಿಗೆ ಹತ್ತುವ ಹೊತ್ತು
ಮಾವ ಜೀವರತ್ನಪ್ಪ ಮಂಚದಲ್ಲಿ ಎದ್ದು ಕೂರುತ್ತಾರೆ.
ಕಣ್ಣಿಗೆ ಪೊರೆ. ಓದುವವಳು ನಾನು,
ದೇವದುರ್ಗದ ಅಮರಮ್ಮ, ಕೊರಳ ಕರಡಿಗೆ ಇನ್ನೂ ಬಿಚ್ಚದವಳು.

ಇವತ್ತು ಬಂದದ್ದು ಆ ಮಳೆಯ ಪುಟ.
ಒಂಬತ್ತನೇ ತಿಂಗಳು, ದೇವಾಲಯದ ಮುಂದಿನ ಬಯಲು,
ಗಂಡಸರೆಲ್ಲ ತೊಯ್ದು ನಡುಗುತ್ತ ಕೂತಿದ್ದಾರೆ:
ಅನ್ಯಕುಲದ ಹೆಂಡಿರನ್ನು ಕಳಿಸಿಬಿಡುತ್ತೇವೆ,
ಆದರೆ ಮಳೆ ಬಹಳ,
ಒಂದೆರಡು ದಿನದ ಕೆಲಸವೂ ಅಲ್ಲ ಇದು.

ರಾಯಚೂರಿನವಳಿಗೆ ಮೊದಲು ಆ ಮಳೆಯ ಮೇಲೇ ಆಸೆಯಾಯಿತು.

ಆಮೇಲೆ ಪಟ್ಟಿ. ಅವನ ಮಗ, ಇವನ ಮಗ,
ಯಾಜಕರು, ಹಾಡುವವರು, ಬಾಗಿಲು ಕಾಯುವವರು.
ನನ್ನ ನಾಲಿಗೆಗೆ ಹೊರಳದ ಹೆಸರುಗಳನ್ನು
ಮಾವ ಬಾಯಿಪಾಠದಿಂದ ತಿದ್ದುತ್ತ ಬಂದರು.
ಸಭೆಯ ರಿಜಿಸ್ಟರ್ ಇಪ್ಪತ್ತೊಂದು ವರ್ಷ ಬರೆದವರು;
ನಮ್ಮದು ರಿಜಿಸ್ಟರ್ ಮದುವೆ ಎಂದು ತಿಳಿದ ರಾತ್ರಿ
ಮಗನ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರಂತೆ,
ನೆಟ್ಟಗೆ.

"ಹೆಂಗಸರ ಹೆಸರು ಎಲ್ಲಿ?" ಕೇಳಿದೆ.
"ಬರದಿಲ್ಲ."
"ಕೆಲವರಿಗೆ ಮಕ್ಕಳೂ ಇದ್ದವಂತ.
ಅವು ಎಲ್ಲಿಗೆ ಹೋದವು, ಅಂಥಾ ಮಳಿಯಾಗ?"
ಅದಕ್ಕೆ ಮಾತಿಲ್ಲ. ಅಡುಗೆಮನೆಯಲ್ಲಿ ನನ್ನ ಕಿರಿಯವಳು
ರೊಟ್ಟಿಚೂರಿಗೆ ಗುರೆಳ್ಳುಪುಡಿ ಮೆತ್ತಿಕೊಂಡು
ಏನೋ ಗುನುಗುತ್ತಿದ್ದಳು,
ಅರ್ಧ ಅವರ ರಾಗ, ಅರ್ಧ ನಮ್ಮವ್ವನದು.

ಅಧ್ಯಾಯ ಮುಗಿಯಿತು. ಎಷ್ಟು ಥಟ್ಟನೆ ಮುಗಿಯುತ್ತದೆ ಅದು.
ಪುಟ ಮಗುಚಲು ಬೆರಳು ಒದ್ದೆ ಮಾಡಿಕೊಂಡೆ.
"ತಡಿಯವ್ವ," ಅಂದರು ಮಾವ,
"ಮೊದಲ ಕಣ್ಣಿಗೆ ಹನಿ ಹಾಕು."

ಹಾಕಿ ಇನ್ನೂ ಅರ್ಧ ತಾಸಾಗಿರಲಿಲ್ಲ.
ಹಾಕಿದೆ.