ಪಿಕಪ್ ಓಡಿಸುವ ಅಸೈನಾರ್ ಹೇಳಿದ್ದು

ಪೇಪರಿನವರು ಸರಸಕ್ಕನನ್ನು ಕೇಳುತ್ತಾರೆ,
ನನ್ನನ್ನು ಯಾರೂ ಕೇಳುವುದಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಮಂಗಟ್ಟೆ ಹಕ್ಕಿ ನಲವತ್ತೆರಡು ಕಿಲೋ, ಕೊಕ್ಕೊಂದೇ ಒಂಬತ್ತು.
ಕಾಫಿ ಹೂವಿನ ಗೊಂಚಲು ನೋಡಲು ಹಗುರ,
ಹತ್ತಿಸಲು ನಾಲ್ಕು ಆಳು.
ಮೂರ್ನಾಡು ದಾಟಿದ ತಿರುವಿಗೆ
ಹಗ್ಗ ಎಡಕ್ಕೊಂದು ಸುತ್ತು ಹೆಚ್ಚು ಬಿಗಿಯಬೇಕು.

ಅವಳಪ್ಪ ಅಮ್ಮತ್ತಿಯ ಐರಿ, ಒಡಿಕತ್ತಿ ಬಡಿದವನು.
ಕುಲುಮೆ ಅದೇ.
ತಿದಿ ಹೋಗಿ ಬ್ಲೋವರ್ ಬಂದಿದೆ,
ಗೋಡೆಯ ಮಸಿ ಮಾತ್ರ ಅಪ್ಪನದು, ತೊಳೆಯಲು ಬಿಡುವುದಿಲ್ಲ.

ಫೆಬ್ರವರಿಯಲ್ಲಿ ಮೈಸೂರು. ಮಳೆ ಕಳೆದು ಬೆಂಗಳೂರು.
ಬಿಳೀ ಗೋಡೆ, ತಣ್ಣನೆ ಗಾಳಿ,
‘ದಯವಿಟ್ಟು ಮುಟ್ಟಬೇಡಿ’.
ಬೆಳಗಿನ ತನಕ ಹೆಗಲಲ್ಲಿ ಹೊತ್ತವನು
ಸಂಜೆಗೆ ಮೂರಡಿ ದೂರ ನಿಂತೆ.
ದಪ್ಪ ಕನ್ನಡಕದವರೊಬ್ಬರು, ‘ಇದು ಏನು ಹೇಳುತ್ತದೆ?’
ಅಕ್ಕ ನನ್ನ ಮುಖ ನೋಡಿದಳು.
‘ಪಲ್ಪರಿನ ಶಾಫ್ಟು ಮೇಡಂ, ಹುದಿಕೇರಿ ತೋಟದ್ದು,
ಗುಜರಿಯಲ್ಲಿ ಕಿಲೋಗೆ ಮೂವತ್ತೆಂಟು’ ಎಂದೆ.
ಅವರು ಅದನ್ನೇ ಬರೆದುಕೊಂಡರು.
ಏಳಕ್ಕೆ ಕೆಂಪು ಬೊಟ್ಟು ಬಿತ್ತು.
ಉಳಿದ ಹನ್ನೊಂದು ನನ್ನ ಜೊತೆ ವಾಪಸು;
ಹುಣಸೂರಿನ ಚಾ ಅಂಗಡಿಯಲ್ಲಿ ಒಬ್ಬ
ತಾರ್ಪಾಲು ಎತ್ತಿ ನೋಡಿ ಕೇಳಿದ, ‘ಕಿಲೋಗೆಷ್ಟಕ್ಕೆ ಕೊಡ್ತೀಯ?’

ಪಾಲಿಬೆಟ್ಟದ ಮನೆಯೊಂದರಲ್ಲಿ ಮೆಟ್ಟಿಲ ಮೇಲೆ
ಹಳೇ ಪಲ್ಪರಿನ ತಾಮ್ರದ ತಗಡು ತೂಗಿದೆವು,
ಹಣ್ಣು ಉಜ್ಜಿ ಉಜ್ಜಿ ಸವೆದು ತೂತಾದದ್ದು.
ಒಳಗೊಂದು ಬಲ್ಬು. ಗೋಡೆ ತುಂಬ ಬೆಳಕಿನ ಕಾಳು.
ಆ ಮನೆಯ ಮಗು ಎಣಿಸುತ್ತ ಎಣಿಸುತ್ತ
ನೂರಾ ಆರಕ್ಕೆ ನಿದ್ದೆ ಹೋಯಿತು.
ಕಕ್ಕಬ್ಬೆಯ ಹೋಂಸ್ಟೇಯಲ್ಲಿ
ಮಂಗಟ್ಟೆಯ ಕೊಕ್ಕಿಗೆ ಒದ್ದೆ ರೈನ್‌ಕೋಟು ಸಿಕ್ಕಿಸಿದ್ದಾರೆ.
ಕಣ್ಣಾರೆ ಕಂಡು, ಸಿಟ್ಟಲ್ಲಿ ಬಂದು ಹೇಳಿದೆ.
ಅಕ್ಕ ಕೇಳಿದ್ದು ಒಂದೇ,
‘ಭಾರ ತಡೆಯಿತಲ್ಲ?’

ಇನ್ನು ಸರ್ಕಲ್ಲಿನ ಕೆಲಸ.
ಮಾಜಿ ಸೈನಿಕರ ಸಂಘ, ಪಂಚಾಯಿತಿ, ಮೂರು ಕೊಟೇಶನ್ನು,
ಹದಿನಾಲ್ಕು ಸಭೆ.
ಹವಾಲ್ದಾರ್ ಮೊಣ್ಣಯ್ಯನ ಕಂಚಿನ ತಲೆ, ಎದೆಯವರೆಗೆ.
ಇದ್ದದ್ದು ಒಂದೇ ಫೋಟೊ,
ಮಂಕಿಕ್ಯಾಪಿನೊಳಗೆ ಮೂವತ್ತು ಹುಡುಗರು,
ಎರಡನೇ ಸಾಲಿನಲ್ಲಿ ಹಿಮಕ್ಕೆ ಕಣ್ಣು ಕಿರಿದು ಮಾಡಿದವನು.
ಮಂತ್ರಿ ಬರುವ ಹಿಂದಿನ ದಿನ ಇಳಿಹೊತ್ತಿಗೆ
ಅವನ ತಂಗಿ ಬೊಳ್ಳವ್ವ ಬಂದಳು, ಹೊದಿಸಿದ ಬಟ್ಟೆ ಸರಿಸಿದಳು,
ತುಂಬ ಹೊತ್ತು ನೋಡಿದಳು.
‘ಮೂಗು ಅವನದೇ. ಕಿವಿ ಯಾರದು?’

ಎಡಗಿವಿ ಕೆಸುವಿನೆಲೆ ಹಾಗೆ ಆಚೆ ಚಾಚಿತ್ತಂತೆ.
ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ
ಅವನ ಹೆಗಲ ಮೇಲೆ ಕೂತು ಹೋಗುವಾಗ
ಬೀಳದಂತೆ ಹಿಡಿದುಕೊಳ್ಳುತ್ತಿದ್ದದ್ದು ಅದನ್ನೇ ಅಂತೆ.
‘ನಾನೇ ಎಳೆದು ಎಳೆದು ಹಾಗಾಯಿತೋ ಏನೋ.’

ಅಧ್ಯಕ್ಷರೆಂದರು: ಬಿಲ್ಲು ಪಾಸಾಗಿದೆ.

ರಾತ್ರಿ ಹನ್ನೊಂದಕ್ಕೆ ಅಕ್ಕ ಫೋನು ಮಾಡಿದಳು,
ಸಿಲಿಂಡರು ಹಾಕಿಕೊಂಡು ಬಾ.
ಟಾರ್ಚು ಹಿಡಿದದ್ದು ನಾನು.
ನಾಯಿಗಳು ಬೊಗಳಿ ಬೊಗಳಿ ಸುಮ್ಮನಾದವು.
ಕತ್ತರಿಸಿದ ಕಿವಿ ನನ್ನ ಕೈಗಿಟ್ಟಳು, ಬಿಸಿ ಇತ್ತು.
ಹೊಸದನ್ನು ಕೂಡಿಸಿ ಅರ ಹಾಕಿ ಮುಗಿಸುವಾಗ
ಹಾಲಿನ ವ್ಯಾನು ಬಂತು.

ಮಂತ್ರಿ, ಬ್ಯಾಂಡು, ಹಾರ, ಭಾಷಣ. ಎಲ್ಲ ಆಯಿತು.
ಕಿವಿ ಯಾರ ಕಣ್ಣಿಗೂ ಬೀಳಲಿಲ್ಲ,
ಹಾರ ಮಾತ್ರ ಅದಕ್ಕೇ ಸಿಕ್ಕಿ ಸೊಟ್ಟಗೆ ನಿಂತಿತ್ತು.

ಮುಂದಿನ ಸಂತೆಗೆ ಬೊಳ್ಳವ್ವ ಬಂದಳು,
ಚೀಲದಲ್ಲಿ ಒಣಮೀನು, ಕಂಕುಳಲ್ಲಿ ಕೊಡೆ.
ಕಟ್ಟೆ ಆರಡಿ. ಕೈ ಎಟುಕದು.
ಗಾಡಿ ಹಿಂದಕ್ಕೆ ತೆಗೆದು ಕಟ್ಟೆಗೆ ತಾಗಿಸಿದೆ,
ಹಲಗೆ ಬಿಚ್ಚಿ ಅವಳನ್ನು ಎತ್ತಿ ನಿಲ್ಲಿಸಿದೆ.
ಹಿಡಿದುಕೊಂಡಳು.
ಹಿಂದೆ ಬಸ್ಸು ಹಾರ್ನು, ಪೊಲೀಸಿನವನ ಸೀಟಿ.
ಊದಲಿ.

ಇಷ್ಟು ವರ್ಷ ಎಷ್ಟೋ ಹೇರಿದ್ದೇನೆ.
ಅವತ್ತು ಗಾಡಿಯ ಪ್ಲೇಟು
ಒಂದು ನೂಲೂ ಇಳಿಯಲಿಲ್ಲ.