ಅರವತ್ತು ಅಕ್ಷರ

'ಹಿನ್ನೆಲೆ' ಅಂತೊಂದು ಖಾನೆ,
ಅರವತ್ತು ಅಕ್ಷರದೊಳಗೆ ತುಂಬಬೇಕು.
ಅಳತೆ ಇಟ್ಟವಳು ನಾನೇ, ಹೋದ ವರ್ಷ,
ಯಾರೂ ಹೆಚ್ಚು ಮಾತಾಡಬಾರದೆಂದು.
ಇವತ್ತು ನನ್ನ ಸರದಿ.

ಅಪ್ಪ ಲಾಡ್ಲೆಸಾಬ ನದಾಫ, ಹತ್ತಿ ಹಿಂಜುವವ.
ಬಿಲ್ಲಿನ ನರ ಮಿಡಿದರೆ ಟಂಯ್ ಎಂದು
ಗಲ್ಲಿಯ ನಾಯಿಗಳೆಲ್ಲ ಕಿವಿ ನಿಮಿರಿಸುತ್ತಿದ್ದವು.
ಹುಬ್ಬಿನ ಮೇಲೆ ಸದಾ ಅರಳೆ:
ಮೂವತ್ತಕ್ಕೇ ಮುದುಕ, ಜಳಕವಾದರೆ ಹುಡುಗ.
ಗಾದಿ ಹೊಲಿಯುವ ಅವ್ವನ ಸೂಜಿಗೆ
ದಾರ ಪೋಣಿಸುವುದು ನನ್ನ ಮೊದಲ ನೌಕರಿ,
ಪಗಾರ ಒಂದು ಪೊಟ್ಟಣ ಚುರುಮುರಿ.

ಎರಡನೆಯದು ಗಾಂಧಿ ಚೌಕದ ಹಿಂದೆ,
ಮೆಟ್ಟಿಲ ಕೆಳಗಿನ ಡಿಟಿಪಿ ಅಂಗಡಿಯಲ್ಲಿ.
ಲಗ್ನಪತ್ರಿಕೆ, ಜವಳದ ಕಾರ್ಡು, ತಿಥಿಯ ಚೀಟಿ.
ಹಳೇ ಫಾಂಟಿನಿಂದ ಹೊಸದಕ್ಕೆ ದಾಟಿಸಿದರೆ
ಅರ್ಕಾವೊತ್ತು ದಾರಿಯಲ್ಲೇ ಕಳೆದುಹೋಗುತ್ತಿತ್ತು.
ಧರ್ಮಣ್ಣನ ಮಗ
ಧಮಣ್ಣನ ಮಗನಾಗಿ ತಾಳಿ ಕಟ್ಟಲಿದ್ದ.
ಕಾರ್ಡಿನ ಕಟ್ಟು ಮೇಜಿನ ಮೇಲೆ ಒಗೆದು ಧರ್ಮಣ್ಣ ಕೇಳಿದ್ದ:
"ಏನವ್ವಾ, ನನ್ನ ಹೆಸರಿನ್ಯಾಗಿನ ರಕಾರ
ಯಾರಿಗೆ ಮಾರೀದಿ?"

ಆ ರಾತ್ರಿ ಬರೆದೆ ನಲವತ್ತು ಸಾಲು.
ಓಡಿಹೋದದ್ದನ್ನು ಹುಡುಕು,
ಹಿಡಿದು ತಂದು ಹಿಂದಿನ ಜಾಗದಲ್ಲಿ ಕೂಡಿಸು,
ಸಿಗದಿದ್ದರೆ ಇದ್ದದ್ದನ್ನು ಮುಟ್ಟಬೇಡ.
ಪ್ರೋಗ್ರಾಮು ಅಂದರೆ ಇದೇ ಎಂದು
ಯಾರೂ ಹೇಳಿರಲಿಲ್ಲ.

ಆಮೇಲಿನದಕ್ಕೆ ಜನ ವೃತ್ತಿಜೀವನ ಅಂತಾರೆ.
ಪಾಲಿಟೆಕ್ನಿಕ್ಕು. ನಡುವೆ ಖಾಲಿ ಬಿದ್ದ ಒಂದು ವರ್ಷ,
ಅಪ್ಪನ ಎದೆಯಲ್ಲಿ ಅರಳೆ ಕೂತ ವರ್ಷ.
ಮತ್ತೆ ತಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜು,
ಮೇ ತಿಂಗಳಲ್ಲೂ ಸ್ವೆಟರು ತೊಟ್ಟು
ಒಣದ್ರಾಕ್ಷಿ ಪೆಟ್ಟಿಗೆಗಳಿಗೆ ಲೆಕ್ಕದ ಸಾಫ್ಟ್‌ವೇರು.
ಹಮಾಲ ಯಮನೂರಿ ಪೆಟ್ಟಿಗೆ ಬಡಿದು
ಸದ್ದಿನಲ್ಲೇ ತೂಕ ಹೇಳುತ್ತಿದ್ದ.
ಅವನಿಗೂ ನನಗೂ ಒಂದು ಪೆಟ್ಟಿಗೆ ಫರಕು ಬಂದ ದಿನ
ಇಡೀ ಗೋದಾಮು ತಿರುವಿ ಹಾಕಿದೆವು.
ತಪ್ಪಿದ್ದು ನಾನು, ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿದವಳು.

ಹವ್ಯಾಸಕ್ಕೆ ಬೇರೆ ಖಾನೆ.
ನಿಂತ ಗಡಿಯಾರ ಬಿಚ್ಚುತ್ತೇನೆ, ಎಲ್ಲವೂ ಮತ್ತೆ ಕೂಡುವುದಿಲ್ಲ.
ಭೂತನಾಳ ಕೆರೆಯ ಹಕ್ಕಿ ಎಣಿಸುತ್ತೇನೆ,
ಹನ್ನೊಂದು ಅನ್ನುವಷ್ಟರಲ್ಲಿ ಹಾರುತ್ತವೆ.
ಹಳೇ ಲಗ್ನಪತ್ರಿಕೆಯ ಅಕ್ಷರ ಕತ್ತರಿಸಿ ವಹಿಗೆ ಅಂಟಿಸುತ್ತೇನೆ,
ಇಡಿಯಾದ ಒಂದು 'ಞ' ಇನ್ನೂ ಸಿಕ್ಕಿಲ್ಲ.

ಕಂಪ್ಯೂಟರಿನ ಕನ್ನಡದಲ್ಲಿ ಒಂದು ಗುರುತಿದೆ,
ಅಗಲ ಸೊನ್ನೆ, ಕಣ್ಣಿಗೆ ಕಾಣದು.
ಅದು ಪಕ್ಕದಲ್ಲಿದ್ದರೆ ಸಾಕು,
'ರ' ತನ್ನ ಜಾಗ ಬಿಟ್ಟು ಓಡುವುದಿಲ್ಲ.
ಅದನ್ನೂ ಒಂದು ಅಕ್ಷರವೆಂದೇ
ಹಿಡಿಯುತ್ತದೆ ನನ್ನ ಫಾರ್ಮು.

ಬರೆದೆ: 'ಹತ್ತಿ ಹಿಂಜುವವನ ಮಗಳು. ರಕಾರ ಮಾರಿದವಳು.'
ಇನ್ನೂ ಇಪ್ಪತ್ತೈದು ಉಳಿದಿವೆ.
ಒಳಗೆ ಕೆಮ್ಮುತ್ತಿದ್ದ ಅಪ್ಪನನ್ನು ಕೇಳಿದೆ, ಏನು ತುಂಬಲಿ?
"ಗಾದಿ ತುಂಬೂ ಮುಂದ
ಒಂದೀಟು ಸಡ್ಲ ಬಿಡಬೇಕವಾ," ಅಂದ.
"ಮಲಗಾವ್ರಿಗೂ ಜಾಗಾ ಬೇಕಲ್ಲ."